ಜಗಲಿಯ ಊಟ ಮತ್ತು ಎರಡನೇ ಕ್ಯಾಸೆಟ್

ಕಲೆಗೆ ಜಾತಿಯಿಲ್ಲ, ಮತವಿಲ್ಲ, ಅದು ಎಲ್ಲ ಗೋಡೆಗಳನ್ನೂ ದಾಟಿ ಹೋಗುತ್ತದೆ ಎಂದು ಬಲ್ಲವರು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ನಂಜನಗೂಡಿನ ನಮ್ಮ ಮನೆಯಲ್ಲಿ ಅದು ಜಗಲಿಯವರೆಗೆ ಸಲೀಸಾಗಿ ಬರುತ್ತಿತ್ತು. ಹೊಸ್ತಿಲ ಹತ್ತಿರ ಬಂದಾಗ ಮಾತ್ರ ಕಲೆಗೂ ಸ್ವಲ್ಪ ಮಂಡಿನೋವು ಕಾಣಿಸಿಕೊಳ್ಳುತ್ತಿತ್ತು.

ನಮ್ಮದು ರೈಲಿನ ಡಬ್ಬಿಗಳಂತೆ ಉದ್ದಕ್ಕೆ ಜೋಡಿಸಿದ ಮನೆ. ಬೀದಿಯ ಕಡೆ ಜಗಲಿ, ಅದರ ಹಿಂದೆ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಹಿತ್ತಲು, ಹಿತ್ತಲಿನ ತುದಿಯಲ್ಲಿ ಬಾಳೆಕಾಯಿ ಹಣ್ಣು ಮಾಡುವ ಕೋಣೆ. ಅಪ್ಪನದು ಬಾಳೆ ಮಂಡಿ. ಮಂಡಿಯನ್ನು ಅಪ್ಪ ಆಳುತ್ತಿದ್ದ. ಮನೆಯನ್ನು ಅಪ್ಪನ ತಾಯಿ, ನಮ್ಮಜ್ಜಿ, ಆಳುತ್ತಿದ್ದಳು. ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಹಿಡಿದು ಕೂತರೆ ಅವಳ ಪೂಜೆ ಮುಗಿಯುವ ತನಕ ಒಲೆಯ ಮೇಲಿನ ಹಾಲು ಕೂಡ ಉಕ್ಕಲು ಹಿಂಜರಿಯುತ್ತಿತ್ತು. ಯಾರು ಮನೆಯ ಯಾವ ಡಬ್ಬಿಯವರೆಗೆ ಬರಬಹುದು ಎಂಬುದು ಅವಳ ಇಲಾಖೆ. ಆದರೆ ಅಜ್ಜಿಗೆ ಯಾರನ್ನೂ ನೋಯಿಸುವ ಅಭ್ಯಾಸವಿರಲಿಲ್ಲ. ಒಳಗೆ ಬರಬೇಡ ಎಂದು ಅವಳು ಜನ್ಮದಲ್ಲಿ ಯಾರಿಗೂ ಹೇಳಿದವಳಲ್ಲ. ಬರಬಾರದವರು ಬಂದರೆ ಹಸನ್ಮುಖಿಯಾಗಿ ಒಂದು ಮಾತು ಹೇಳುತ್ತಿದ್ದಳು:

“ಅಲ್ಲೇ ಕೂತ್ಕೊಳಪ್ಪ, ಗಾಳಿ ಚೆಂದಾಗದೆ.”

ಗೊನೆ ಹೊರುವ ಆಳುಗಳಿಗೆ ಗಾಳಿ ಚೆನ್ನಾಗಿತ್ತು. ಚಪ್ಪಲಿ ಹೊಲಿಯುವವನಿಗೆ, ಕೆಳಗಿನ ಕೇರಿಯಿಂದ ಬರುವ ಹೆಂಗಸರಿಗೆ ಗಾಳಿ ಚೆನ್ನಾಗಿತ್ತು. ನೆಂಟರಿಷ್ಟರು, ಮಠದ ಕಡೆಯವರು ಬಂದಾಗ ಗಾಳಿಯ ಪ್ರಸ್ತಾಪವೇ ಏಳುತ್ತಿರಲಿಲ್ಲ. ಅವರು ನಡುಮನೆಯ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಉಣ್ಣುತ್ತಿದ್ದರು. ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗವನ್ನು ನಾವು ಬಡವರಿಗಾಗಿ ಬಿಟ್ಟುಕೊಟ್ಟಿದ್ದೇವೆ ಎಂದು ಆರನೇ ಕ್ಲಾಸಿನವರೆಗೂ ನಾನು ನಂಬಿದ್ದೆ, ಆ ಬಗ್ಗೆ ಹೆಮ್ಮೆಯನ್ನೂ ಪಟ್ಟಿದ್ದೆ. ಯಾರು ಎಲ್ಲಿ ಕೂತರು, ಯಾರ ಲೋಟ ಯಾರು ಮುಟ್ಟಿದರು ಎಂಬ ಸುದ್ದಿಯನ್ನು ಅಜ್ಜಿಗೆ ತಂದು ಒಪ್ಪಿಸುವ ಕೆಲಸ ನನ್ನದು. ಪ್ರತಿಫಲವಾಗಿ ಬೆಲ್ಲದ ಚೂರು ಸಿಗುತ್ತಿತ್ತು. ನನ್ನ ಹಲ್ಲುಗಳು ಹಾಳಾದದ್ದು ರಾಜ್ಯಸೇವೆಯಲ್ಲಿ.

ಹಣ್ಣಿನ ಕೋಣೆಯ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಕಿಟಕಿಯಿಲ್ಲ, ಗೋಡೆ ಮೊಳದಷ್ಟು ದಪ್ಪ. ಕಾಯಿ ಗೊನೆಗಳನ್ನು ಒಳಗೆ ಪೇರಿಸಿ, ಬಾಗಿಲ ಸಂದಿಗಳಿಗೆ ಸಗಣಿ ಮೆತ್ತಿ ಹೊಗೆ ಹಾಕುತ್ತಿದ್ದರು. ಭಾನುವಾರ ಕೋಣೆ ಖಾಲಿ. ಒಳಗೆ ಎಷ್ಟು ಅರಚಿದರೂ ಹೊರಗೆ ಕೇಳುವುದಿಲ್ಲ ಎಂದು ಕಂಡುಹಿಡಿದವನು ನನ್ನ ಅಣ್ಣ ಮಹೇಶ. ಕೇಬಲ್ ಟೀವಿ ನಮ್ಮ ಬೀದಿಗೆ ಬಂದ ಹೊಸತು. ಅದರಲ್ಲಿ ವಿದೇಶದ ನಾಲ್ಕೈದು ಹುಡುಗರು ಒಂದೇ ಥರದ ಬಿಳಿ ಬಟ್ಟೆ ತೊಟ್ಟು, ಎದೆಯ ಮೇಲೆ ಕೈಯಿಟ್ಟುಕೊಂಡು, ಯಾವುದೋ ಹುಡುಗಿಗಾಗಿ ಸಾಲಾಗಿ ನಿಂತು ಹಾಡುತ್ತಿದ್ದರು. ಒಬ್ಬ ಹುಡುಗಿಗೆ ನಾಲ್ವರು ಯಾಕೆ ಎಂದು ಅಜ್ಜಿ ಕೇಳಿದಳು. ಅದಕ್ಕೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಅದನ್ನು ನೋಡಿ ಅಣ್ಣ ತಾನೂ ಒಂದು ತಂಡ ಕಟ್ಟಿದ. ಅಣ್ಣ, ಗಿಟಾರಿನ ನಾಗೇಂದ್ರ, ಕೀಬೋರ್ಡಿನ ಕುಮಾರ, ಮೂವರೂ ನಮ್ಮವರೇ. ನಾಲ್ಕನೆಯವನು ಟಿ. ನರಸೀಪುರದ ಆನಂದ. ಅಣ್ಣನಿಗೆ ಕಾಲೇಜಿನಲ್ಲಿ ಸಿಕ್ಕಿದವನು, ಮೇಷ್ಟರ ಮಗ. ಆ ಮೇಷ್ಟರ ಮನೆಯವರು ಹಳೆಯ ಕೇರಿಯನ್ನೂ ಹಳೆಯ ದೇವರುಗಳನ್ನೂ ಒಟ್ಟಿಗೆ ಬಿಟ್ಟು, ಗೋಡೆಗೆ ಬುದ್ಧನ ಪಟ ಹಾಕಿಕೊಂಡಿದ್ದರು. ಕೇರಿ ಬಿಟ್ಟ ಸುದ್ದಿ ನಮ್ಮಜ್ಜಿಯನ್ನು ತಲುಪಿರಲಿಲ್ಲ. ತಲುಪಿದ್ದರೂ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ.

ತಂಡಕ್ಕೆ ಸಂಗಮ ಬಾಯ್ಸ್ ಎಂದು ಹೆಸರಾಯಿತು. ನಮ್ಮ ಕಪಿಲೆ ಹರಿದು ಹೋಗಿ ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳಲ್ಲ, ಅದರ ನೆನಪಿಗೆ. ಮೊದಲ ಕ್ಯಾಸೆಟ್ಟಿನ ಫೋಟೋಕ್ಕೆ ಬದನವಾಳಿನ ಖಾದಿ ತಂದು ನಾಲ್ಕು ಬಿಳಿ ಅಂಗಿ ಹೊಲಿಸಿದರು. ಸಂಗಮದ ಮರಳಿನಲ್ಲಿ ಎದೆಯ ಮೇಲೆ ಕೈಯಿಟ್ಟು ನಿಂತ ನಾಲ್ವರೂ ಪ್ರೇಮಿಗಳಂತೆ ಕಾಣಲಿಲ್ಲ. ತಾಲ್ಲೂಕು ಪಂಚಾಯಿತಿಗೆ ನಿಂತ ಅಭ್ಯರ್ಥಿಗಳಂತೆ ಕಂಡರು. ಆದರೂ ಕ್ಯಾಸೆಟ್ ಓಡಿತು. ಬನ್ನೂರಿನ ಬಸ್ಸುಗಳಲ್ಲಿ, ಮದುವೆ ಮನೆಯ ಮೈಕಿನಲ್ಲಿ, ಹೇರ್ ಕಟಿಂಗ್ ಶಾಪುಗಳಲ್ಲಿ ಕೇಳಿಬಂತು. ಓಡಿದ್ದು ಒಂದೇ ಒಂದು ಹಾಡಿನಿಂದ, ಅದನ್ನು ಹಾಡಿದವನು ಆನಂದ. ಉಳಿದ ಮೂವರು ಹಾಡುತ್ತಿದ್ದರು, ಅಷ್ಟೇ. ಆನಂದ ಬಾಯಿ ತೆರೆದರೆ ನಮಗೆ ಹೇಳದೆ ಇಟ್ಟುಕೊಂಡ ಯಾವುದೋ ವಿಷಯ ಅವನಿಗೆ ಮಾತ್ರ ಗೊತ್ತಿದೆ ಅನ್ನಿಸುತ್ತಿತ್ತು. ನಾನು ಹಣ್ಣಿನ ಕೋಣೆಯ ಬಾಗಿಲಲ್ಲಿ ಕೂತು, ಅವರೆಲ್ಲರ ಕೆಟ್ಟ ಅಕ್ಷರದಿಂದ ಸಾಹಿತ್ಯವನ್ನು ದುಂಡಗೆ ನಕಲು ಮಾಡಿಕೊಡುತ್ತಿದ್ದೆ. ಅವನ ಸಾಲು ಬಂದಾಗ ಪೆನ್ನು ನಿಲ್ಲುತ್ತಿತ್ತು.

ಅವನು ಮೊದಲ ಸಲ ಬಂದ ಭಾನುವಾರ ಊಟದ ಹೊತ್ತಿಗೆ ಅಜ್ಜಿ ಗಾಳಿಯ ವಿಷಯ ಎತ್ತಿದಳು. ಆನಂದ ತಕ್ಷಣ ಜಗಲಿಯ ಮೇಲೆ ಕೂತ. ಅವನಿಗೆ ಆ ಗಾಳಿಯ ಪರಿಚಯ ನಮಗಿಂತ ಮುಂಚೆ ಆಗಿತ್ತು ಎಂದು ಈಗ ಅರ್ಥವಾಗುತ್ತದೆ. ಅಣ್ಣ ಅಡುಗೆಮನೆಗೆ ಹೋಗಿ ಅಜ್ಜಿಯ ಮೇಲೆ ಹಾರಾಡಿದ. ಅವ್ವ ಒಲೆಯ ಕಡೆ ತಿರುಗಿ, ಆಗಲೇ ಬೆಂದಿದ್ದ ಸಾರನ್ನು ಮತ್ತೆ ತಿರುವತೊಡಗಿದಳು. ಅರ್ಧ ಗಂಟೆ ಜಗಳವಾಗಿ ಒಂದು ಒಪ್ಪಂದ ಏರ್ಪಟ್ಟಿತು: ಆನಂದ ಒಳಗೆ ಬರುವುದಿಲ್ಲ, ಆದರೆ ಉಳಿದ ಮೂವರೂ ಹೊರಗೆ ಹೋಗಿ ಅವನ ಜೊತೆ ಜಗಲಿಯಲ್ಲೇ ಉಣ್ಣುತ್ತಾರೆ. ಅಜ್ಜಿಯ ನಡುಮನೆ ಉಳಿಯಿತು, ಅಣ್ಣನ ಕ್ರಾಂತಿಯೂ ಉಳಿಯಿತು. ಎರಡು ವರ್ಷ ಪ್ರತಿ ಭಾನುವಾರ ನಾಲ್ಕು ಎಲೆ ಜಗಲಿಗೆ ಹೋದವು. ಬಡಿಸುವುದು ನಾನು. ಕಾಲೆಳೆಯುವುದು, ಹಪ್ಪಳ ಕದಿಯುವುದು, ನಾಗೇಂದ್ರನ ಮೂಗಿನ ಬಗ್ಗೆ ಹಾಡು ಕಟ್ಟುವುದು ಎಲ್ಲ ಅಲ್ಲೇ ನಡೆಯಿತು. ಅಲ್ಲಿ ಗಾಳಿ ನಿಜವಾಗಿಯೂ ಚೆನ್ನಾಗಿತ್ತು.

ಅಜ್ಜಿಗೆ ಅವನ ಮೇಲೆ ಪ್ರೀತಿ ಬೆಳೆಯಿತು. ಇದನ್ನು ಹೇಳದಿದ್ದರೆ ಅವಳಿಗೆ ಅನ್ಯಾಯವಾಗುತ್ತದೆ, ಹೇಳಿದರೆ ಅವನಿಗೆ. ಮಂಡಿಯ ರಸಬಾಳೆಯಲ್ಲಿ ಒಳ್ಳೆಯ ಚಿಪ್ಪನ್ನು ಅವನಿಗೆಂದು ಎತ್ತಿಡುತ್ತಿದ್ದಳು. ಊಟವಾದ ಮೇಲೆ ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕೂತು, ಒಂದು ವಚನ ಹೇಳು ಮಗ ಎನ್ನುತ್ತಿದ್ದಳು. ಅವನು ಹೊಸ್ತಿಲ ಹೊರಗೆ ಕಂಬಕ್ಕೆ ಒರಗಿ ಹಾಡುತ್ತಿದ್ದ. ಎಲ್ಲರೂ ಒಂದೇ ಎನ್ನುವ ವಚನಗಳನ್ನೇ ಅವನು ಆರಿಸುತ್ತಿದ್ದನೇನೋ, ನನಗೆ ಈಗ ಅನುಮಾನ. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಬ್ಬರ ನಡುವೆ ಮೂರು ಇಂಚು ಎತ್ತರದ ಮರದ ಹೊಸ್ತಿಲು, ಅದಕ್ಕೆ ಅವಳೇ ಇಟ್ಟ ಅರಿಸಿನ ಕುಂಕುಮ.

ಮೂರನೇ ವರ್ಷ ಎರಡನೇ ಕ್ಯಾಸೆಟ್ಟಿನ ಮಾತು ಬಂತು. ಈ ಸಲ ಮೈಸೂರಿನ ಕಂಪನಿಯೊಂದರ ಯಜಮಾನರೇ ಮುಂದೆ ಬಂದರು. ಅವರ ಷರತ್ತು ಒಂದೇ: ಎಂಟು ಹಾಡಿನಲ್ಲಿ ನಾಲ್ಕನ್ನಾದರೂ ನರಸೀಪುರದ ಹುಡುಗನೇ ಹಾಡಬೇಕು. ಅಪ್ಪನ ಷರತ್ತು ಇನ್ನೊಂದು. ಅಣ್ಣ ಡಿಗ್ರಿಯಲ್ಲಿ ಎರಡು ಸಲ ಫೇಲಾಗಿದ್ದ. ಈ ಕ್ಯಾಸೆಟ್ ಗೆದ್ದರೆ ಅವನು ಹಾಡಿಕೊಂಡಿರಲಿ, ಇಲ್ಲವಾದರೆ ಯುಗಾದಿಯಿಂದ ಮಂಡಿಯಲ್ಲಿ ಕೂರತಕ್ಕದ್ದು. ಅಣ್ಣನಿಗೆ ಮಂಡಿಯೆಂದರೆ ಜೈಲು. ಹೀಗೆ ಅಣ್ಣನ ಇಡೀ ಬದುಕು ಆನಂದನ ಗಂಟಲಿನಲ್ಲಿ ಹೋಗಿ ಕೂತಿತು. ಹಾಡುಗಳು ತಯಾರಾದವು. ಮೊದಲು ಸ್ಟುಡಿಯೋದಲ್ಲಿ ಒಬ್ಬರು ಎಲ್ಲ ಹಾಡನ್ನೂ ಮಾದರಿಗೆಂದು ಹಾಡಿಡುವುದು, ಆಮೇಲೆ ಹಾಡಬೇಕಾದವರು ಅದನ್ನು ಕಿವಿಯಲ್ಲಿ ಕೇಳುತ್ತ ತಮ್ಮ ದನಿ ಕೂಡಿಸುವುದು ಆಗಿನ ಪದ್ಧತಿ. ಅದಕ್ಕೆ ಟ್ರ್ಯಾಕ್ ಎನ್ನುತ್ತಿದ್ದರು. ಎಂಟಕ್ಕೂ ಟ್ರ್ಯಾಕ್ ಹಾಡಿಟ್ಟವನು ಆನಂದ. ಅದನ್ನು ಕೇಳಿ ಖುಷಿಯಾದ ಯಜಮಾನರು, ಮುಂದಿನ ಭಾನುವಾರ ನಂಜುಂಡೇಶ್ವರನ ದರ್ಶನ ಮಾಡಿ ನಿಮ್ಮ ಮನೆಗೇ ಊಟಕ್ಕೆ ಬರುತ್ತೇನೆ ಎಂದರು.

ಅವರು ನಮ್ಮ ಪೈಕಿಯವರು, ದೊಡ್ಡ ಮನುಷ್ಯರು. ಅಜ್ಜಿ ಮೂರು ದಿನ ಮುಂಚೆಯೇ ಒಬ್ಬಟ್ಟಿಗೆ ಬೇಳೆ ಆರಿಸಲು ಕೂತಳು. ಭಾನುವಾರ ಬೆಳಿಗ್ಗೆಯಿಂದ ಚಿತ್ತೆ ಮಳೆ ಹಿಡಿಯಿತು. ನಡುಮನೆಯಲ್ಲಿ ಎಲೆಗಳನ್ನು ಹಾಕಿದ್ದು ಅಜ್ಜಿಯೇ: ಯಜಮಾನರಿಗೆ, ಅಪ್ಪನಿಗೆ, ಅಣ್ಣನಿಗೆ, ನಾಗೇಂದ್ರನಿಗೆ, ಕುಮಾರನಿಗೆ. ನಾನು ಎಣಿಸಿದೆ. ಅಣ್ಣನೂ ಎಣಿಸಿದ. ಅವನು ಅಡುಗೆಮನೆಗೆ ಬಂದ, ಆದರೆ ಈ ಸಲ ಹಾರಾಡಲಿಲ್ಲ. ಗೋಡೆಯಾಚೆ ಯಜಮಾನರು ಕೂತಿದ್ದರು.

“ಅಜ್ಜಿ, ನಾವು ನಾಲ್ಕು ಜನ ಯಾವಾಗ್ಲೂ ಆಚೆನೇ ಅಲ್ವಾ ಉಣ್ಣೋದು?”

“ದೊಡ್ಡೋರು ಬಂದವ್ರೆ ಕಣ್ ಮಗ. ಅವ್ರನ್ನ ಒಳಗೆ ಕೂರಿಸ್ಬುಟ್ಟು ನೀವು ಬೀದೀಲಿ ಉಂಡ್ರೆ ಏನಂದ್ಕತಾರೆ? ಇವತ್ತೊಂದಿನ.”

ಅಣ್ಣ ನಿಂತ. ಅಪ್ಪ ನಡುಮನೆಯಿಂದ ಕೂಗಿದ. ಅಣ್ಣ ಹೋಗಿ ತನ್ನ ಎಲೆಯ ಮುಂದೆ ಕೂತ. ಅವನನ್ನು ನೋಡಿ ನಾಗೇಂದ್ರ, ಕುಮಾರ ಕೂತರು. ಅಜ್ಜಿ ಆರನೇ ಎಲೆಯನ್ನು ನನ್ನ ಕೈಗೆ ಕೊಟ್ಟಳು. ಒಬ್ಬಟ್ಟು ಉಳಿದವರಿಗಿಂತ ಒಂದು ಹೆಚ್ಚೇ ಇಟ್ಟಿದ್ದಳು. ಅವನಿಗೆ ಏನು ಹೇಳಲಿ ಎಂದು ಕೇಳಿದೆ. ಹೇಳಾದೇನು, ಯಾವಾಗ್ಲೂ ಅನ್ನಂಗೆ ಅನ್ನು, ಎಂದಳು.

ಜಗಲಿಯ ಹೆಂಚಿನ ಅಂಚಿನಿಂದ ನೀರು ಹಗ್ಗದಂತೆ ಇಳಿಯುತ್ತಿತ್ತು. ಕಲ್ಲು ಅರ್ಧ ನೆನೆದಿತ್ತು. ಆನಂದ ಒಣಗಿದ ಒಂದು ಮೂಲೆಯಲ್ಲಿ ಕಂಬಕ್ಕೆ ಅಂಟಿಕೊಂಡು ಕೂತು, ಉಳಿದ ಮೂವರು ಬರಲೆಂದು ಜಾಗ ಒರೆಸಿ ಇಟ್ಟಿದ್ದ. ನಾನು ಎಲೆಯನ್ನು ಅವನ ಮುಂದಿಟ್ಟೆ. ಹದಿಮೂರು ವರ್ಷದ, ಓದಿನಲ್ಲಿ ಮುಂದಿದ್ದ, ಭಾಷಣ ಸ್ಪರ್ಧೆಯಲ್ಲಿ ಸಮಾನತೆಯ ಬಗ್ಗೆ ಬಹುಮಾನ ಪಡೆದಿದ್ದ ಹುಡುಗಿ ನಾನು. ಬಾಯಿ ತೆರೆದು ಹೇಳಿದೆ:

“ಆನಂದಣ್ಣ, ನೀವು ಇಲ್ಲೇ ಕೂತ್ಕೊಳ್ಳಿ. ಗಾಳಿ ಚೆನ್ನಾಗಿದೆ.”

ಅವನು ನನ್ನನ್ನು ನೋಡಿದ. ಕೋಪವಿರಲಿಲ್ಲ. ಲೆಕ್ಕ ತಪ್ಪು ಮಾಡಿದ ಮಗುವಿಗೆ ಮೇಷ್ಟರು ತೋರಿಸುವ ತಾಳ್ಮೆ ಇತ್ತು.

“ಮಳೆ ಬರ್ತಾ ಇದೆ ಗೌರಿ,” ಎಂದ.

ಒಳಗೆ ಯಜಮಾನರು, ಆ ಹುಡುಗ ಎಲ್ಲಿ ಎಂದು ಕೇಳಿದರು. ಅವನಿಗೆ ಹೊರಗೇ ಉಣ್ಣುವುದು ಅಭ್ಯಾಸ ಎಂದು ಅಪ್ಪ ಹೇಳಿದ. ಯಜಮಾನರು ಅರ್ಥವಾದವರಂತೆ ತಲೆಯಾಡಿಸಿ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡರು. ನಾನು ರಸಾಯನದ ಬಟ್ಟಲು ಹಿಡಿದು ಹೊರಗೆ ಹೋದಾಗ ಜಗಲಿ ಖಾಲಿ. ಆನಂದ ಎಲೆಯಲ್ಲಿದ್ದುದನ್ನೆಲ್ಲ ಉಂಡು, ಎಲೆಯನ್ನು ತಾನೇ ಎತ್ತಿ ಹಾಕಿ, ಕೂತ ಜಾಗವನ್ನು ನೀರು ಹಾಕಿ ತೊಳೆದು ಹೋಗಿದ್ದ. ತೊಳೆಯುವ ಅಗತ್ಯವಿರಲಿಲ್ಲ. ಮಳೆಯೇ ತೊಳೆಯುತ್ತಿತ್ತು.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಸ್ಟುಡಿಯೋದ ದಿನ ಹತ್ತಿರ ಬಂತು. ಅಣ್ಣನ ಮುಖ ಕಾಯಿ ಗೊನೆಯ ಬಣ್ಣಕ್ಕೆ ತಿರುಗಿತು. ಕೊನೆಗೆ ಎಸ್‌ಟಿಡಿ ಬೂತಿನಿಂದ ಆನಂದನ ಪಕ್ಕದ ಮನೆಗೆ ಫೋನು ಮಾಡಿ, ನಾಳೆ ಬರುತ್ತೇನೆ ಎಂದು ಹೇಳಿಸಿದ. ನನ್ನನ್ನೂ ಕರೆದುಕೊಂಡು ಹೋದ. ನನ್ನನ್ನು ಕಂಡರೆ ಆನಂದನಿಗೆ ಮುದ್ದು, ಚಿಕ್ಕ ಹುಡುಗಿ ಜೊತೆಗಿದ್ದರೆ ಬೈಯಲಾರ ಎಂಬ ಲೆಕ್ಕಾಚಾರ. ಮನೆಯಲ್ಲಿ ಪುಸ್ತಕ ತರಲು ಹೋಗುತ್ತೇವೆ ಎಂದು ಹೇಳಿ, ತಿಂಡಿಯನ್ನೂ ತಿನ್ನದೆ ಮೊದಲ ಬಸ್ಸು ಹತ್ತಿದೆವು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತು, ನರಸೀಪುರ ತಲುಪುವಾಗ ಊಟದ ಹೊತ್ತು.

ಮೇಷ್ಟರ ಮನೆ ಚಿಕ್ಕದು, ಚೊಕ್ಕಟ. ನಮ್ಮನ್ನು ಯಾರೂ ಹೊರಗೆ ನಿಲ್ಲಿಸಲಿಲ್ಲ. ನೇರ ಒಳಗೆ ಕರೆದು, ಬುದ್ಧನ ಪಟದ ಕೆಳಗಿನ ಕುರ್ಚಿಗಳಲ್ಲಿ ಕೂರಿಸಿದರು. ಅಣ್ಣ ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಮಾತುಗಳನ್ನು ಮರೆತು, ತಪ್ಪಾಯ್ತು ಕಣೋ ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಆನಂದ ಎದ್ದು ಬಂದು ಅಣ್ಣನ ಬೆನ್ನಿಗೆ ಒಂದು ಗುದ್ದು ಹಾಕಿದ.

“ಆಯ್ತು ಬಿಡ್ಲಾ. ಮೊದ್ಲು ಊಟ ಮಾಡು, ಆಮೇಲೆ ಸ್ಟುಡಿಯೋ ಮಾತು.”

ಅಲ್ಲಿಗೆ ಎಲ್ಲ ಸರಿಯಾಗಿತ್ತು. ಎರಡನೇ ಕ್ಯಾಸೆಟ್, ಅಣ್ಣನ ಬದುಕು, ನಾಲ್ವರ ಸ್ನೇಹ, ಎಲ್ಲ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಅವನ ತಾಯಿ ನಮ್ಮನ್ನು ಚಾಪೆಯ ಮೇಲೆ ಕೂರಿಸಿ, ಎರಡು ತಟ್ಟೆ ತಂದು ಮುಂದಿಟ್ಟರು. ಅನ್ನ, ಬೇಳೆಸಾರು, ಹಪ್ಪಳ, ಶಾವಿಗೆ ಪಾಯಸ. ನಾವು ಮಾಂಸ ತಿನ್ನದವರೆಂದು ಅವರಿಗೆ ಗೊತ್ತಿತ್ತು. ಸೆರಗು ಸರಿಪಡಿಸಿಕೊಳ್ಳುತ್ತ ಹೇಳಿದರು:

“ಯೋಚ್ನೆ ಮಾಡ್ಬೇಡಿ ಮಕ್ಳಾ, ನಿಮಗೇ ಅಂತ ಒಸ ಪಾತ್ರೆ ತಂದು ಮಾಡಿವ್ನಿ.”

ಹೊಟ್ಟೆ ತಾಳ ಹಾಕುತ್ತಿತ್ತು. ನಾನು ಅಣ್ಣನನ್ನು ನೋಡಿದೆ. ಅಣ್ಣ ನನ್ನನ್ನು ನೋಡಿದ. ಅವನು ತಟ್ಟೆಗೆ ಕೈ ಹಾಕಿದರೆ ನಾನೂ ಹಾಕುವುದು ಎಂದುಕೊಂಡೆ. ಮೊದಲು ನಾನು ಹಾಕಿದರೆ ಅವನು ಅಜ್ಜಿಗೆ ಹೇಳಿಬಿಟ್ಟಾನು ಎಂಬ ಭಯ. ಅವನ ಕಣ್ಣಿನಲ್ಲಿದ್ದದ್ದೂ ಅದೇ ಎಂದು ಹೊರಬಂದ ಮೇಲೆ ತಿಳಿಯಿತು. ಊರಿನ ಸುದ್ದಿಯನ್ನೆಲ್ಲ ಅಜ್ಜಿಗೆ ಒಪ್ಪಿಸಿ ಬೆಲ್ಲ ತಿನ್ನುವ ತಂಗಿ ಪಕ್ಕದಲ್ಲಿ ಕೂತಿದ್ದಳು. ಅಣ್ಣ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ.

“ಬೇಡಮ್ಮ, ಈಗ ತಾನೆ ಉಂಡ್ಕೊಂಡು ಬಂದ್ವಿ.”

ನನ್ನ ಹೊಟ್ಟೆ ಅದೇ ಕ್ಷಣದಲ್ಲಿ ಗುರ್ ಎಂದಿತು. ಆ ಸಣ್ಣ ಮನೆಯಲ್ಲಿ ಅದು ಎಲ್ಲರಿಗೂ ಕೇಳಿಸಿತು. ತಾಯಿ ನನ್ನ ಕಡೆ ನೋಡಿ, ನೀನಾದ್ರೂ ಉಣ್ಣವ್ವ, ಎಂದರು. ನಾನು ತಲೆ ಅಡ್ಡ ಆಡಿಸಿದೆ. ಹಸಿವಿಲ್ಲ ಎಂದೆ. ಮೇಷ್ಟರು ಪೇಪರಿನಿಂದ ಕಣ್ಣೆತ್ತದೆ ಹೆಂಡತಿಗೆ ಹೇಳಿದರು:

“ಒಳಗೆ ತಗೊಂಡೋಗು. ಅವರಿಗೆ ಹಸಿವಿಲ್ಲ.”

ಆಕೆ ತಟ್ಟೆಗಳನ್ನು ಎತ್ತಿಕೊಂಡು ಹೋದರು. ಒಳಗೆ ಅನ್ನವನ್ನು ಪಾತ್ರೆಗೆ ಮರಳಿ ಸುರಿಯುವ ಸದ್ದು ಕೇಳಿತು, ಮುಚ್ಚಳ ಮುಚ್ಚಿದ ಸದ್ದು ಕೇಳಿತು. ಆನಂದ ಎದ್ದು ಚಪ್ಪಲಿ ಮೆಟ್ಟಿಕೊಂಡ. ಬಸ್ ಸ್ಟ್ಯಾಂಡಿನವರೆಗೂ ನಮ್ಮ ಜೊತೆ ನಡೆದು ಬಂದ. ನಾಗೇಂದ್ರ, ಕುಮಾರ ಹೇಗಿದ್ದಾರೆಂದು ವಿಚಾರಿಸಿದ, ನನ್ನ ಪರೀಕ್ಷೆಯ ಬಗ್ಗೆ ಕೇಳಿದ. ಬಸ್ಸು ಬಂದ ಮೇಲೆ ಅಣ್ಣನಿಗೆ ಹೇಳಿದ:

“ಟ್ರ್ಯಾಕ್ ಹಾಡಿಟ್ಟಿದ್ದೀನಲ್ಲ, ಅದನ್ನ ಕಿವೀಲಿ ಕೇಳ್ಕೊಂಡು ಎಲ್ಲಾನೂ ನೀನೇ ಹಾಡು ಮಹೇಶ. ನಾನು ಬರಲ್ಲ.”

ಬಸ್ಸಿನಲ್ಲಿ ಅಣ್ಣ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಊರು ಹತ್ತಿರವಾದಾಗ, ತಿರುಗದೆಯೇ, ನೀನು ಬರದೆ ಇದ್ದಿದ್ದರೆ ಉಣ್ಣುತ್ತಿದ್ದೆ ಎಂದ. ನಾನೂ ಅದನ್ನೇ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಗುಣಾವಗುಣಗಳೆಲ್ಲ ಎಲ್ಲಿಂದ ಬಂದವು ಎಂದು ಯಾರಾದರೂ ಕೇಳಿದರೆ ಶಾಲೆ, ಗುರುಗಳು, ಪುಸ್ತಕಗಳು ಎಂದು ಗಂಭೀರವಾಗಿ ಹೇಳುತ್ತೇನೆ. ನಿಜವಾಗಿ ನಾನು ತಯಾರಾದದ್ದು ಆ ತಟ್ಟೆಯ ಮುಂದೆ, ಹಸಿದ ಹೊಟ್ಟೆಯಲ್ಲಿ, ಇನ್ನೊಬ್ಬರ ಕಣ್ಣನ್ನು ನೋಡುತ್ತ. ಆಮೇಲೆ ನಾನು ಯಾರ ಸುದ್ದಿಯನ್ನೂ ಅಜ್ಜಿಗೆ ಒಪ್ಪಿಸಲಿಲ್ಲ. ಅದನ್ನು ಪ್ರಾಯಶ್ಚಿತ್ತ ಎಂದು ಬಹಳ ವರ್ಷ ಕರೆದುಕೊಂಡೆ. ಈಗ ಅಷ್ಟು ದೊಡ್ಡ ಹೆಸರು ಬೇಡ ಅನ್ನಿಸುತ್ತದೆ.

ಅಜ್ಜಿಗೆ ಯಾರೂ ಏನೂ ಹೇಳಲಿಲ್ಲ. ಪ್ರತಿ ಭಾನುವಾರ ಅವಳು, ಆ ನರಸೀಪುರದ ಮಗ ಯಾಕೆ ಬರಾಕಿಲ್ಲ ಎಂದು ಕೇಳುತ್ತಿದ್ದಳು, ಅವನಿಗೆಂದು ಎತ್ತಿಟ್ಟ ರಸಬಾಳೆ ಕಪ್ಪಾಗುವ ತನಕ ಇಟ್ಟುಕೊಂಡಿರುತ್ತಿದ್ದಳು. ಅಣ್ಣ ಮೈಸೂರಿಗೆ ಹೋಗಿ ಹಾಡಿದ. ಯಜಮಾನರಿಗೆ ಮನಸ್ಸಿರಲಿಲ್ಲ, ಆದರೆ ವಾದ್ಯದವರೆಲ್ಲ ನುಡಿಸಿ ಮುಗಿಸಿದ್ದರು, ದುಡ್ಡು ಖರ್ಚಾಗಿ ಹೋಗಿತ್ತು. ಮೂರನೇ ಹಾಡಿನಲ್ಲಿ ವಾದ್ಯಗಳು ನಿಂತು ಅಣ್ಣ ಒಬ್ಬನೇ ಹಾಡುವ ಕಡೆ, ಅವನ ಹೆಡ್‌ಫೋನಿನಿಂದ ಸೋರಿ ಮೈಕಿಗೆ ಸೇರಿಕೊಂಡ ಆನಂದನ ದನಿ, ಗೋಡೆಯಾಚೆ ಯಾರೋ ಹಾಡಿದ ಹಾಗೆ, ಸಣ್ಣಗೆ ಕೇಳುತ್ತದೆ. ಗೊತ್ತಿದ್ದವರಿಗೆ ಮಾತ್ರ. ಗೊತ್ತಿದ್ದವರು ನಾವು ಹತ್ತು ಜನವೂ ಇಲ್ಲ.

ಸಂಗಮ ಬಾಯ್ಸ್‌ನ ಎರಡನೇ ಕ್ಯಾಸೆಟ್ ಸಂಕ್ರಾಂತಿಗೆ ಬಿಡುಗಡೆಯಾಯಿತು. ಕವರಿನ ಮೇಲೆ ಮೂವರ ಫೋಟೋ ಇತ್ತು. ಅದು ಮಾರಾಟವಾಗಲಿಲ್ಲ. ಯುಗಾದಿಯ ಮಾರನೇ ದಿನದಿಂದ ಅಣ್ಣ ಮಂಡಿಯಲ್ಲಿ ಕೂತ.